ಒಂಬತ್ತು ತಿಂಗಳ ಅಂಗ

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯ ಹಳ್ಳಿಗಳಲ್ಲಿ ಬೆಳೆದವರಿಗೆ ಒಂದು ನೋಟ ಚೆನ್ನಾಗಿ ಪರಿಚಿತವಾದುದು. ಮನೆಯ ಎಮ್ಮೆ ಈಯುತ್ತದೆ. ಕರು ತಡವರಿಸುತ್ತ ಎದ್ದು ನಿಂತು ಮೊಲೆಗೆ ಬಾಯಿ ಹಚ್ಚುತ್ತದೆ. ಆದರೂ ಮನೆಯ ಹಿರಿಯರು ಕೊಟ್ಟಿಗೆಯನ್ನು ಬಿಟ್ಟು ಕದಲುವುದಿಲ್ಲ. ‘ಇನ್ನೂ ಕಸ ಬೀಳಬೇಕು’ ಎಂದು ಕಾಯುತ್ತ ಕುಳಿತಿರುತ್ತಾರೆ. ಕಸ ಬಿದ್ದ ಮೇಲೆಯೇ ಅವರಿಗೆ ನೆಮ್ಮದಿ. ಅದನ್ನು ನಾಯಿ ಮುಟ್ಟದಂತೆ ಹುಲ್ಲಿನಲ್ಲಿ ಸುತ್ತಿ, ಆಲದ ಮರದ ಕೊಂಬೆಗೆ ಕಟ್ಟಿ ಬರುವ ವಾಡಿಕೆ ಕರ್ನಾಟಕದ ಅನೇಕ ಕಡೆಗಳಲ್ಲಿ ಉಂಟು. ಆಲವು ಹಾಲು ಸುರಿಸುವ ಮರ. ಅದರಂತೆ ಎಮ್ಮೆಯೂ ಹಾಲು ಸುರಿಸಲಿ ಎಂಬುದು ನಂಬಿಕೆ. ಮನೆಯಲ್ಲಿಯೇ ಹೆರಿಗೆಯಾಗುತ್ತಿದ್ದ ಕಾಲದಲ್ಲಿ ಮನುಷ್ಯರ ಮಾಸನ್ನೂ ಹೀಗೆಯೇ ಎಚ್ಚರದಿಂದ ಹಿತ್ತಲಿನಲ್ಲಿ ಹೂಳುತ್ತಿದ್ದರು.

ಜನರು ಮಾಸು ಎಂದೂ ಕಸ ಎಂದೂ ಕರೆಯುವ ಈ ವಸ್ತುವಿಗೆ ಶಾಸ್ತ್ರಗಳಲ್ಲಿ ಜರಾಯು ಎಂದು ಹೆಸರು. ಗರ್ಭದಿಂದ ಹುಟ್ಟುವ ಪ್ರಾಣಿಗಳನ್ನು ನಮ್ಮ ಪೂರ್ವಿಕರು ‘ಜರಾಯುಜ’ ಎಂದು ಕರೆದರು. ಮೊಟ್ಟೆಯಿಂದ ಹುಟ್ಟುವುದು ಅಂಡಜವಾದರೆ, ಜರಾಯುವಿನೊಡನೆ ಹುಟ್ಟುವುದು ಜರಾಯುಜ. ಹೀಗೆ ಒಂದು ಇಡೀ ಜೀವವರ್ಗಕ್ಕೆ ಹೆಸರನ್ನು ಕೊಟ್ಟ ಅಂಗವನ್ನು ನಾವು ‘ಕಸ’ ಎಂದು ಕರೆದು ಮರೆತುಬಿಡುವುದು ಆಶ್ಚರ್ಯವಲ್ಲವೆ?

ಮನುಷ್ಯನ ಜರಾಯು ದಿನ ತುಂಬಿದ ಹೆರಿಗೆಯಲ್ಲಿ ಸುಮಾರು ಅರ್ಧ ಕಿಲೋಗ್ರಾಂ ತೂಗುತ್ತದೆ. ಆಕಾರದಲ್ಲಿ ಅದು ದಪ್ಪನೆಯ ರೊಟ್ಟಿಯಂತೆ ದುಂಡಗಿದ್ದು, ಅದರ ಅಡ್ಡಳತೆ ಸುಮಾರು 20 ಸೆಂಟಿಮೀಟರು ಇರುತ್ತದೆ. ಒಂದು ಮಗ್ಗುಲು ಗರ್ಭಕೋಶದ ಗೋಡೆಗೆ ಅಂಟಿಕೊಂಡಿದ್ದರೆ, ಇನ್ನೊಂದು ಮಗ್ಗುಲಿನಿಂದ ಹೊಕ್ಕುಳಬಳ್ಳಿ ಹೊರಟು ಶಿಶುವನ್ನು ಸೇರುತ್ತದೆ. ತಾಯಿಯ ರಕ್ತ, ಶಿಶುವಿನ ರಕ್ತ ಎರಡೂ ಇಲ್ಲಿಗೆ ಬರುತ್ತವೆ; ಆದರೆ ಒಂದರೊಡನೆ ಒಂದು ಬೆರೆಯುವುದಿಲ್ಲ. ನಡುವಣ ತೆಳುಪೊರೆಯ ಮೂಲಕ ಆಮ್ಲಜನಕವೂ ಆಹಾರವೂ ಶಿಶುವಿಗೆ ಸಾಗುತ್ತವೆ. ಇಂಗಾಲದ ಡೈ ಆಕ್ಸೈಡೂ ಕಲ್ಮಷಗಳೂ ತಾಯಿಯ ಕಡೆಗೆ ಮರಳುತ್ತವೆ. ಶಿಶುವಿನ ಶ್ವಾಸಕೋಶ, ಕರುಳು, ಮೂತ್ರಪಿಂಡಗಳು ಹುಟ್ಟಿದ ಮೇಲೆ ಮಾಡಬೇಕಾದ ಕೆಲಸವನ್ನೆಲ್ಲ ಅಲ್ಲಿಯವರೆಗೆ ಜರಾಯುವೊಂದೇ ಮಾಡುತ್ತದೆ.

ಜರಾಯು ತಾಯಿಯ ಅಂಗವೆಂದು ಅನೇಕರು ತಿಳಿದಿರುವರು. ಅದು ಸರಿಯಲ್ಲ. ತಾಯಿಯ ಗರ್ಭಕೋಶದ ಒಂದು ಪದರವು ಅದಕ್ಕೆ ಆಧಾರವಾಗಿರುವುದೇನೋ ನಿಜ. ಆದರೆ ಜರಾಯುವಿನ ಬಹುಭಾಗವು ಶಿಶುವು ಯಾವ ಅಂಡದಿಂದ ಬೆಳೆಯಿತೋ ಅದೇ ಅಂಡದಿಂದ ಬೆಳೆದುದು. ಅಂಡವು ಫಲಿತವಾಗಿ ಐದು ದಿನಗಳಾಗುವಷ್ಟರಲ್ಲಿ ಅದು ಜೀವಕೋಶಗಳ ಪುಟ್ಟ ಚೆಂಡಾಗಿರುತ್ತದೆ. ಅದರ ಒಳಗಿನ ಜೀವಕೋಶಗಳ ಗುಂಪು ಮುಂದೆ ಶಿಶುವಾಗುತ್ತದೆ. ಹೊರಗಿನ ಪದರವು ಜರಾಯುವಾಗುತ್ತದೆ. ಆದುದರಿಂದ ಮಗು ತನ್ನ ಹೃದಯವನ್ನೂ ಮೆದುಳನ್ನೂ ಕಟ್ಟಿಕೊಳ್ಳುವುದಕ್ಕಿಂತ ಮೊದಲು ಜರಾಯುವಿನ ಅಡಿಪಾಯವನ್ನು ಹಾಕಿಕೊಳ್ಳುತ್ತದೆ ಎನ್ನಬಹುದು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ನಮ್ಮ ದೇಹದ ಬಹುತೇಕ ಎಲ್ಲ ಜೀವಕೋಶಗಳಲ್ಲಿಯೂ ಒಂದೇ ಬಗೆಯ ವಂಶವಾಹಿಗಳು, ಅಂದರೆ ಜೀನುಗಳು, ಇರುತ್ತವೆ. ಪ್ರೋಟೀನುಗಳನ್ನು ತಯಾರಿಸುವ ವಿಧಾನವನ್ನು ತಿಳಿಸುವ ವಂಶವಾಹಿಗಳೇ ಸುಮಾರು 20,000 ಇವೆ. ಎಲ್ಲ ಜೀವಕೋಶಗಳ ಬಂಡವಾಳವೂ ಒಂದೇ ಆದ ಮೇಲೆ ಒಂದು ಹೃದಯವಾಗಿ, ಇನ್ನೊಂದು ಮೂಳೆಯಾಗಿ, ಮತ್ತೊಂದು ಜರಾಯುವಾಗಿ ಬೆಳೆಯುವುದು ಹೇಗೆ?

ಇದಕ್ಕೆ ಉತ್ತರವನ್ನು ಕೆರೆಯ ದಂಡೆಯ ಮೇಲೆ ನಿಂತು ತಿಳಿಯಬಹುದು. ಈ ಸೀಮೆಯು ಕೆರೆಗಳ ಸೀಮೆ. ಹಿರೇಕೆರೂರಿನ ಹೆಸರಿನಲ್ಲಿಯೇ ಕೆರೆಯಿದೆ. ಕುಮುದ್ವತಿ ನದಿಗೆ ಗುಡ್ಡಗಳ ನಡುವೆ ಒಡ್ಡು ಕಟ್ಟಿ ಮಾಡಿದ ಮದಗ ಮಾಸೂರು ಕೆರೆ ಬಹಳ ಹಳೆಯದು. ಹಾನಗಲ್ಲಿನ ಭತ್ತದ ಗದ್ದೆಗಳೂ ಕೆರೆಯ ನೀರನ್ನು ಕಂಡು ಬೆಳೆದವು. ಕೆರೆಯ ನೀರು ಎಲ್ಲ ಗದ್ದೆಗಳಿಗೂ ಒಂದೇ. ಆದರೆ ಯಾವ ದಿನ ಯಾವ ತೂಬು ತೆರೆದಿದೆಯೋ ಆ ದಿನ ಆ ಗದ್ದೆಗೆ ಮಾತ್ರ ನೀರು ಹರಿಯುತ್ತದೆ. ತೂಬನ್ನು ತೆರೆಯುವವನೂ ಮುಚ್ಚುವವನೂ ನೀರಗಂಟಿ. ಜೀವಕೋಶದಲ್ಲಿಯೂ ಹೀಗೆಯೇ. ಎಲ್ಲ ವಂಶವಾಹಿಗಳೂ ಇರುತ್ತವೆ. ಆದರೆ ಎಲ್ಲವೂ ಒಟ್ಟಿಗೆ ಕೆಲಸ ಮಾಡುವುದಿಲ್ಲ. ಕೆಲವು ತೆರೆದಿರುತ್ತವೆ, ಕೆಲವು ಮುಚ್ಚಿರುತ್ತವೆ. ತೆರೆಯುವ ಮುಚ್ಚುವ ಕೆಲಸಕ್ಕೂ ಕೆಲವು ಪ್ರೋಟೀನುಗಳಿವೆ. ಅವೇ ಅಲ್ಲಿಯ ನೀರಗಂಟಿಗಳು. ವಂಶವಾಹಿಯೊಂದು ತೆರೆದಾಗ ಅದರ ನಕಲು ಆರ್‌ಎನ್‌ಎ ಎಂಬ ಓಲೆಯ ರೂಪದಲ್ಲಿ ಹೊರಡುತ್ತದೆ. ಆ ಓಲೆಯನ್ನು ಓದಿಕೊಂಡು ಜೀವಕೋಶವು ಪ್ರೋಟೀನನ್ನು ಕಟ್ಟುತ್ತದೆ. ಇದಕ್ಕೆ ವಂಶವಾಹಿಯ ಅಭಿವ್ಯಕ್ತಿ ಎಂದು ಹೆಸರು. ತೂಬು ತೆರೆದದ್ದು ಒಂದು ಮಾತು, ನೀರು ಗದ್ದೆಯನ್ನು ಮುಟ್ಟಿದ್ದು ಇನ್ನೊಂದು ಮಾತು. ಹಾಗೆಯೇ ಓಲೆ ಹೊರಟಿತೆಂದ ಮಾತ್ರಕ್ಕೆ ಪ್ರೋಟೀನು ಅಷ್ಟೇ ಪ್ರಮಾಣದಲ್ಲಿ ತಯಾರಾಯಿತೆಂದು ಹೇಳಲಾಗದು. ಆದುದರಿಂದ ವಿಜ್ಞಾನಿಗಳು ಓಲೆಯನ್ನೂ ಪ್ರೋಟೀನನ್ನೂ ಬೇರೆ ಬೇರೆಯಾಗಿ ಅಳೆಯುತ್ತಾರೆ.

ಜರಾಯುವಿನಲ್ಲಿ ಯಾವ ತೂಬು ಎಂದು ತೆರೆಯುತ್ತದೆ ಎಂಬುದನ್ನು ಈಗ ನೋಡೋಣ. ಗರ್ಭಿಣಿಯ ವಾರಗಳನ್ನು ಕಡೆಯ ಮುಟ್ಟಿನ ಮೊದಲ ದಿನದಿಂದ ಎಣಿಸುವುದು ವೈದ್ಯರ ಪದ್ಧತಿ. ಭ್ರೂಣವು ಗರ್ಭಕೋಶದ ಗೋಡೆಯಲ್ಲಿ ಬೇರೂರಿದ ಕೂಡಲೇ ಹೊರಪದರದ ಜೀವಕೋಶಗಳು ಎಚ್‌ಸಿಜಿ ಎಂಬ ಹಾರ್ಮೋನನ್ನು ತಯಾರಿಸತೊಡಗುತ್ತವೆ. ‘ನಾನು ಬಂದಿದ್ದೇನೆ, ಗರ್ಭಕೋಶದ ಪದರ ಕಳಚದಿರಲಿ’ ಎಂದು ತಾಯಿಯ ದೇಹಕ್ಕೆ ಮುಟ್ಟುವ ಮೊದಲ ಸುದ್ದಿ ಇದೇ. ಮೂತ್ರವನ್ನು ಪರೀಕ್ಷಿಸಿ ಗರ್ಭವನ್ನು ಖಚಿತಪಡಿಸುವಾಗ ಹುಡುಕುವುದು ಈ ಹಾರ್ಮೋನನ್ನೇ. ಅದರ ಪ್ರಮಾಣ ಎಂಟರಿಂದ ಹತ್ತನೆಯ ವಾರದ ಹೊತ್ತಿಗೆ ತುತ್ತತುದಿಗೆ ಏರಿ ಆಮೇಲೆ ಇಳಿಯುತ್ತದೆ. ಅಷ್ಟರಲ್ಲಿ ಗರ್ಭವನ್ನು ಕಾಪಾಡುವ ಪ್ರೊಜೆಸ್ಟರೋನನ್ನು ಜರಾಯು ತಾನೇ ತಯಾರಿಸಲು ಕಲಿತಿರುತ್ತದೆ.

ಇದೇ ಕಾಲದಲ್ಲಿ ಇನ್ನೊಂದು ವಿಚಿತ್ರ ನಡೆಯುತ್ತದೆ. ಹೊರಪದರದ ಜೀವಕೋಶಗಳು ತಮ್ಮ ನಡುವಣ ಗೋಡೆಗಳನ್ನು ಕಳೆದುಕೊಂಡು ಒಂದರೊಡನೊಂದು ಕೂಡಿ, ಬಿರುಕಿಲ್ಲದ ಒಂದೇ ಹೊದಿಕೆಯಾಗುತ್ತವೆ. ಈ ಕೂಡುವಿಕೆಯನ್ನು ನಡೆಸುವ ಪ್ರೋಟೀನಿಗೆ ಸಿನ್ಸಿಟಿನ್ ಎಂದು ಹೆಸರು. ಜಿಸಿಎಂ1 ಎಂಬ ನೀರಗಂಟಿ ಪ್ರೋಟೀನು ಇದರ ತೂಬನ್ನು ತೆರೆಯುತ್ತದೆ. ಸಿನ್ಸಿಟಿನ್ನಿನ ವಂಶವಾಹಿಯು ಮೂಲತಃ ಒಂದು ವೈರಸ್ಸಿನದು ಎಂಬುದನ್ನು 2000ದಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಕೋಟಿಗಟ್ಟಲೆ ವರ್ಷಗಳ ಹಿಂದೆ ನಮ್ಮ ಪೂರ್ವಜರಾದ ಪ್ರಾಣಿಗಳಿಗೆ ಸೋಂಕಿದ ವೈರಸ್ಸು ಅವುಗಳ ವಂಶವಾಹಿಗಳ ನಡುವೆ ಉಳಿದುಕೊಂಡಿತು. ಅದರ ಆಯುಧವೇ ಇಂದು ತಾಯಿ ಮಗುವಿನ ನಡುವೆ ಬೇಲಿಯನ್ನು ಕಟ್ಟುತ್ತಿದೆ.

ಮೊದಲ ಹತ್ತು ವಾರಗಳಲ್ಲಿ ಜರಾಯುವಿಗೆ ಆಮ್ಲಜನಕ ಬಹಳ ಕಡಿಮೆ. ಹೊರಪದರದ ಜೀವಕೋಶಗಳು ತಾಯಿಯ ರಕ್ತನಾಳಗಳ ಬಾಯಿಗೆ ಬಿರಡೆಯಂತೆ ಕುಳಿತಿರುವುದೇ ಇದಕ್ಕೆ ಕಾರಣ. ಹತ್ತರಿಂದ ಹನ್ನೆರಡನೆಯ ವಾರದಲ್ಲಿ ಈ ಬಿರಡೆಗಳು ಸಡಿಲಿ ರಕ್ತ ಹರಿಯತೊಡಗುತ್ತದೆ. ಆಮ್ಲಜನಕದ ಒತ್ತಡ ಸುಮಾರು ಮೂರು ಪಟ್ಟು ಏರುತ್ತದೆ. ಇದರೊಡನೆ ಹಳೆಯ ಎಷ್ಟೋ ತೂಬುಗಳು ಮುಚ್ಚಿ ಹೊಸವು ತೆರೆಯುತ್ತವೆ. ಜರಾಯುವಿನ ಕೆಲವು ಜೀವಕೋಶಗಳು ಗರ್ಭಕೋಶದ ಗೋಡೆಯೊಳಕ್ಕೆ ನುಗ್ಗಿ, ಅಲ್ಲಿಯ ಸುರುಳಿ ರಕ್ತನಾಳಗಳನ್ನು ಅಗಲಗೊಳಿಸುತ್ತವೆ. ಕಿರುಗಾಲುವೆಯನ್ನು ಕೆತ್ತಿ ದೊಡ್ಡ ಕಾಲುವೆಯನ್ನಾಗಿ ಮಾಡುವ ಕೆಲಸವಿದು. ಸುಮಾರು ಇಪ್ಪತ್ತನೆಯ ವಾರದ ಹೊತ್ತಿಗೆ ಇದು ಬಹುಮಟ್ಟಿಗೆ ಮುಗಿದುಹೋಗುತ್ತದೆ. ಕಡೆಯ ತಿಂಗಳುಗಳಲ್ಲಿ ಶಿಶು ಭರದಿಂದ ಬೆಳೆಯುವಾಗ ಬೇಕಾಗುವ ನೀರಿಗೆ ಕಾಲುವೆಯನ್ನು ತೋಡುವುದು ಮೊದಲ ತಿಂಗಳುಗಳಲ್ಲಿಯೇ ಎಂಬುದನ್ನು ನಾವು ನೆನಪಿನಲ್ಲಿಡಬೇಕು.

ಉಳಿದ ತಿಂಗಳುಗಳು ಸಾಗಾಣಿಕೆಯ ಕಾಲ. ಸಕ್ಕರೆಯನ್ನು ದಾಟಿಸುವ ಪ್ರೋಟೀನು ಒಂದು, ಅಮೈನೊ ಆಮ್ಲಗಳನ್ನು ದಾಟಿಸುವವು ಹಲವು, ಕಬ್ಬಿಣವನ್ನು ಹಿಡಿಯುವುದು ಮತ್ತೊಂದು. ಕಡೆಯ ತಿಂಗಳುಗಳಲ್ಲಿ ಇನ್ನೊಂದು ಪ್ರೋಟೀನು ತಾಯಿಯ ರಕ್ತದಲ್ಲಿರುವ ರೋಗನಿರೋಧಕ ವಸ್ತುಗಳನ್ನು ಎತ್ತಿಕೊಂಡು ಶಿಶುವಿಗೆ ಮುಟ್ಟಿಸುತ್ತದೆ. ದನ ಎಮ್ಮೆಗಳ ಜರಾಯುವಿಗೆ ಈ ಕೆಲಸ ಸಾಧ್ಯವಿಲ್ಲ. ಕರುವು ರೋಗನಿರೋಧಕ ಶಕ್ತಿಯಿಲ್ಲದೆಯೇ ಹುಟ್ಟುತ್ತದೆ. ಅದು ಅದಕ್ಕೆ ದೊರೆಯುವುದು ಗಿಣ್ಣದ ಹಾಲಿನಿಂದ. ಹುಟ್ಟಿದ ಕೆಲವೇ ಗಂಟೆಗಳಲ್ಲಿ ಕರುವಿಗೆ ಗಿಣ್ಣದ ಹಾಲನ್ನು ಕುಡಿಸಲೇಬೇಕು ಎಂದು ಹಿರಿಯರು ಹೇಳುವುದರಲ್ಲಿ ಇಂಥ ಅರ್ಥವಿದೆ. ಮನುಷ್ಯರ ಶಿಶುವಿಗೂ ಮೊದಲ ಹಾಲು ಅಮೂಲ್ಯವಾದುದೇ. ಅದನ್ನು ಹಿಂಡಿ ಚೆಲ್ಲುವುದು ತಪ್ಪು.

ಮಗು ಸಣ್ಣದಾಗಿ ಹುಟ್ಟಿದರೆ ತಾಯಿಯೊಬ್ಬಳನ್ನೇ ದೂರುವ ರೂಢಿ ನಮ್ಮಲ್ಲಿದೆ. ಜರಾಯುವಿನ ವಂಶವಾಹಿಗಳು ಈ ದೂರನ್ನು ಒಪ್ಪುವುದಿಲ್ಲ. 1984ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಅಜೀಂ ಸುರಾನಿ ಮತ್ತು ಅವರ ಸಹೋದ್ಯೋಗಿಗಳೂ, ಅಮೆರಿಕದಲ್ಲಿ ಮೆಕ್‌ಗ್ರಾತ್ ಮತ್ತು ಸಾಲ್ಟರ್ ಎಂಬವರೂ ಇಲಿಗಳ ಭ್ರೂಣಗಳ ಮೇಲೆ ಪ್ರಯೋಗಗಳನ್ನು ನಡೆಸಿ, ತಂದೆಯಿಂದ ಬಂದ ವಂಶವಾಹಿಗಳು, ತಾಯಿಯಿಂದ ಬಂದ ವಂಶವಾಹಿಗಳು ಎರಡೂ ಇಲ್ಲದೆ ಮರಿ ಬೆಳೆಯದೆಂದು ತೋರಿಸಿದರು. ತಾಯಿಯ ಕಡೆಯವು ಮಾತ್ರ ಇದ್ದ ಭ್ರೂಣಗಳಲ್ಲಿ ಜರಾಯುವಿನ ಭಾಗ ಸರಿಯಾಗಿ ಬೆಳೆಯಲಿಲ್ಲ. ಕೆಲವು ವಂಶವಾಹಿಗಳು ತಂದೆಯಿಂದ ಬಂದರೆ ಮಾತ್ರ ತೆರೆದಿರುತ್ತವೆ, ಕೆಲವು ತಾಯಿಯಿಂದ ಬಂದರೆ ಮಾತ್ರ ತೆರೆದಿರುತ್ತವೆ. ಬೆಳವಣಿಗೆಗೆ ಪ್ರೇರಣೆ ಕೊಡುವ ಐಜಿಎಫ್2 ಎಂಬುದು ಜರಾಯುವಿನಲ್ಲಿ ತಂದೆಯ ಕಡೆಯಿಂದ ನುಡಿಯುವ ವಂಶವಾಹಿ. ಹೀಗೆ ಜರಾಯುವನ್ನು ಕಟ್ಟುವ ಕೆಲಸದಲ್ಲಿ ತಂದೆ ತಾಯಿ ಇಬ್ಬರ ಕೈಯೂ ಇದೆ.

ಇವೆಲ್ಲ ದೂರದೇಶದ ಸಂಗತಿಗಳೇ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಎ. ಜಗನ್ನಾಥ ರಾವ್ ಮತ್ತು ಅವರ ಶಿಷ್ಯರು ಮೊದಲ ಮೂರು ತಿಂಗಳ ಜರಾಯುವಿಗೂ ದಿನ ತುಂಬಿದ ಜರಾಯುವಿಗೂ ಇರುವ ವ್ಯತ್ಯಾಸಗಳನ್ನೂ, ಅದರ ಜೀವಕೋಶಗಳು ಮಾಗುವ ಬಗೆಯನ್ನೂ ಅಭ್ಯಾಸ ಮಾಡಿದರು. ಅದೇ ನಗರದ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯಲ್ಲಿ ಜರಾಯುವಿನ ವಂಶವಾಹಿಗಳ ಅಭಿವ್ಯಕ್ತಿಗೂ ಶಿಶುವಿನ ಬೆಳವಣಿಗೆಗೂ ಇರುವ ಸಂಬಂಧವನ್ನು ಪರಿಶೀಲಿಸಿದ್ದಾರೆ. ತಾಯಿಯ ಒಪ್ಪಿಗೆಯನ್ನು ಪಡೆದು, ಹೆರಿಗೆಯಾದ ಕೂಡಲೇ ಜರಾಯುವಿನ ತುಣುಕುಗಳನ್ನು ತೆಗೆದು ಅತಿ ಶೀತದಲ್ಲಿ ಇಡುವುದು ಇಂಥ ಸಂಶೋಧನೆಯ ಕ್ರಮ. ತಡವಾದರೆ ಆರ್‌ಎನ್‌ಎ ಓಲೆಗಳು ಅಳಿಸಿಹೋಗುತ್ತವೆ.

ಗರ್ಭದೊಳಗಿನ ಪೋಷಣೆಯ ಫಲ ಎಷ್ಟು ದೂರ ಹೋಗುವುದೆಂಬುದಕ್ಕೆ ಮೈಸೂರಿನ ಮಿಷನ್ ಆಸ್ಪತ್ರೆಯ ಹಳೆಯ ದಫ್ತರಗಳು ಸಾಕ್ಷಿ. ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಎಂದು ಹೆಸರಾದ ಅಲ್ಲಿ 1934ರಿಂದಲೇ ಶಿಶುಗಳ ಜನನದ ತೂಕವನ್ನು ಬರೆದಿಡುತ್ತಿದ್ದರು. ಹಾಗೆ ಹುಟ್ಟಿದವರಲ್ಲಿ 517 ಜನರನ್ನು ಅವರ ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಿದ ಫಲಿತಾಂಶ 1996ರಲ್ಲಿ ಪ್ರಕಟವಾಯಿತು. ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕದಿಂದ ಹುಟ್ಟಿದವರಲ್ಲಿ ನೂರಕ್ಕೆ 11 ಜನರಿಗೆ ಹೃದ್ರೋಗವಿತ್ತು. ಮೂರು ಕಿಲೋವನ್ನು ಮೀರಿದವರಲ್ಲಿ ಅದು ನೂರಕ್ಕೆ 3 ಮಾತ್ರ. ಬಸಿರಿನಲ್ಲಿ ಬರೆದ ಬರಹ ಬಾಳಿನ ನಡುಹಗಲಿನಲ್ಲಿ ಓದಿಸಿಕೊಂಡಿತು.

ಕಾಲುವೆ ಸರಿಯಾಗಿ ಅಗಲವಾಗದಿದ್ದರೆ ಏನಾಗುತ್ತದೆ? ರಕ್ತ ಸಾಲದೆ ಕಷ್ಟಪಡುವ ಜರಾಯು ಎಸ್‌ಎಫ್‌ಎಲ್‌ಟಿ-1 ಎಂಬ ಪ್ರೋಟೀನನ್ನು ಮಿತಿಮೀರಿ ತಾಯಿಯ ರಕ್ತಕ್ಕೆ ಬಿಡುತ್ತದೆ. ಅದು ರಕ್ತನಾಳಗಳನ್ನು ಕಾಪಾಡುವ ವಸ್ತುಗಳನ್ನು ಹಿಡಿದು ಕಟ್ಟಿಹಾಕುತ್ತದೆ. 2003ರಲ್ಲಿ ಬೆಳಕಿಗೆ ಬಂದ ಸಂಗತಿಯಿದು. ಆಗ ತಾಯಿಯ ರಕ್ತದ ಒತ್ತಡ ಏರುತ್ತದೆ, ಮೂತ್ರದಲ್ಲಿ ಪ್ರೋಟೀನು ಕಾಣಿಸಿಕೊಳ್ಳುತ್ತದೆ, ಮುಖ ಕೈ ಕಾಲು ಬಾಯುವುದುಂಟು, ತಲೆನೋವು ಬಂದು ಕಣ್ಣು ಮಂಜಾಗುವುದುಂಟು. ಇದಕ್ಕೆ ಗರ್ಭನಂಜು ಎನ್ನುತ್ತಾರೆ. ಅಲಕ್ಷಿಸಿದರೆ ಅಪಸ್ಮಾರ ಬಂದು ತಾಯಿ ಮಗು ಇಬ್ಬರ ಪ್ರಾಣಕ್ಕೂ ಅಪಾಯವಾಗಬಹುದು. ಆದುದರಿಂದಲೇ ಆರೋಗ್ಯ ಕೇಂದ್ರದಲ್ಲಿ ಪ್ರತಿ ಸಲವೂ ಗರ್ಭಿಣಿಯ ತೋಳಿಗೆ ಪಟ್ಟಿ ಕಟ್ಟಿ ಒತ್ತಡವನ್ನು ನೋಡುವುದು, ಮೂತ್ರವನ್ನು ಪರೀಕ್ಷಿಸುವುದು. ಅದು ಕಾಲಹರಣವಲ್ಲ, ಕಣ್ಣಿಗೆ ಕಾಣದ ಜರಾಯುವಿನ ಯೋಗಕ್ಷೇಮವನ್ನು ವಿಚಾರಿಸುವ ಬಗೆ.

ಜರಾಯುವಿನ ಬೇಲಿಯೂ ಎಲ್ಲವನ್ನೂ ತಡೆಯಲಾರದು. ಸವಣೂರಿನ ವೀಳ್ಯದೆಲೆಗೆ ಹೆಸರುಂಟು. ಊಟದ ಮೇಲೆ ಎಲೆ ಅಡಿಕೆ ಕೊಡುವುದು ನಮ್ಮ ಮರ್ಯಾದೆ. ಆದರೆ ಗರ್ಭಿಣಿಯು ಅದರೊಡನೆ ತಂಬಾಕನ್ನು ಹಾಕಿದರೆ ನಿಕೋಟಿನ್ ಎಂಬ ವಿಷವು ಜರಾಯುವನ್ನು ದಾಟಿ ಶಿಶುವನ್ನು ಮುಟ್ಟುತ್ತದೆ. ಮದ್ಯವೂ ಹಾಗೆಯೇ ದಾಟುತ್ತದೆ.

ನಮ್ಮ ಕಡೆ ಬಸುರಿಗೆ ಕುಬಸ ಮಾಡುವುದು ಸಡಗರದ ಹಬ್ಬ. ಹಸಿರು ಸೀರೆ, ಹಸಿರು ಬಳೆ, ಬಯಕೆಯ ಊಟ, ನೆರೆಹೊರೆಯವರ ಹಾಡು ಇವೆಲ್ಲ ಬಹುಶಃ ಐದನೆಯ ಅಥವಾ ಏಳನೆಯ ತಿಂಗಳಿಗೆ ಬರುತ್ತವೆ. ಅಲ್ಲಿಯವರೆಗೆ, ಅದರಲ್ಲಿಯೂ ಮೊದಲ ಮೂರು ತಿಂಗಳು, ಸುದ್ದಿಯನ್ನು ಹೊರಗೆ ಹೇಳಲು ಸಂಕೋಚ. ಜರಾಯುವಿನ ಪಂಚಾಂಗವನ್ನು ಓದಿದ ನಮಗೆ ಈಗ ಒಂದು ಮಾತು ಹೊಳೆಯಬೇಕು. ಏಳನೆಯ ತಿಂಗಳಿನಲ್ಲಿ ಆರತಿ ಎತ್ತುವಷ್ಟರಲ್ಲಿ ಜರಾಯುವಿನ ಅಡಿಪಾಯ ಮುಗಿದು ಕಾಲುವೆಗಳು ತೋಡಿ ಆಗಿರುತ್ತವೆ. ಆರೈಕೆ ಎಲ್ಲಕ್ಕಿಂತ ಹೆಚ್ಚಾಗಿ ಬೇಕಾದುದು ಮೌನದ ಆ ಮೊದಲ ತಿಂಗಳುಗಳಲ್ಲಿ. ಕೆಲವು ಮನೆಗಳಲ್ಲಿ ಊರಿಗೆ ತಿಳಿಸದೆ ಮೊದಲೇ ‘ಕಳ್ಳ ಕುಬಸ’ ಮಾಡುವ ರೂಢಿಯುಂಟು. ಆ ಅಕ್ಕರೆಯನ್ನು ಆರೋಗ್ಯ ಕೇಂದ್ರದವರೆಗೆ ಒಯ್ದರೆ ಎಷ್ಟು ಚೆನ್ನ! ಹನ್ನೆರಡು ವಾರ ತುಂಬುವ ಮೊದಲೇ ಹೆಸರು ಬರೆಸಿ ತಾಯಿ ಕಾರ್ಡನ್ನು ಪಡೆಯಬೇಕು; ವೈದ್ಯರು ಹೇಳಿದಂತೆ ಫೋಲಿಕ್ ಆಮ್ಲದ ಗುಳಿಗೆಯನ್ನೂ ಮುಂದೆ ಕಬ್ಬಿಣದ ಗುಳಿಗೆಯನ್ನೂ ಸೇವಿಸಬೇಕು.

2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಗರ್ಭಿಣಿಯರಲ್ಲಿ ನೂರಕ್ಕೆ ಸುಮಾರು 45 ಜನರಿಗೆ ರಕ್ತಹೀನತೆ ಇತ್ತು. ತಾಯಿಯಲ್ಲಿ ಕಬ್ಬಿಣ ಕಡಿಮೆಯಾದಾಗ ಅದನ್ನು ಹಿಡಿಯುವ ಪ್ರೋಟೀನನ್ನು ಜರಾಯು ಹೆಚ್ಚಾಗಿ ತಯಾರಿಸಿಕೊಳ್ಳುವುದು ಕಂಡುಬಂದಿದೆ. ಮಗುವಿಗಾಗಿ ಅದು ಪಡುವ ಪಾಡು ಅಂಥದು. ಆದರೆ ಕೆರೆಯಲ್ಲಿ ನೀರೇ ಇಲ್ಲದಿದ್ದರೆ ತೂಬು ತೆರೆದು ಫಲವೇನು? ಕೆರೆ ತುಂಬಬೇಕಾದುದು ಮಳೆಗಾಲದಲ್ಲಿ. ಹೆಣ್ಣುಮಗಳ ಮೈಯಲ್ಲಿ ರಕ್ತ ತುಂಬಬೇಕಾದುದು ಅವಳು ಬೆಳೆಯುವ ವಯಸ್ಸಿನಲ್ಲಿ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಬಣ್ಣದ ಕಬ್ಬಿಣದ ಗುಳಿಗೆಯನ್ನು ಕಿಟಕಿಯಾಚೆ ಎಸೆಯುವ ವಿದ್ಯಾರ್ಥಿಗಳು ಇದನ್ನು ಯೋಚಿಸಬೇಕು. ಜೋಳದ ರೊಟ್ಟಿಯ ಜೊತೆಗೆ ಕಾಳು, ಶೇಂಗಾ, ಸೊಪ್ಪು, ಸಾಧ್ಯವಾದರೆ ಹಾಲು ಮೊಟ್ಟೆ ಮನೆಯ ಹೆಣ್ಣುಮಕ್ಕಳ ತಾಟಿಗೂ ಗಂಡುಮಕ್ಕಳಷ್ಟೇ ಬೀಳಬೇಕು. ಹದಿನೆಂಟು ತುಂಬದ ಹುಡುಗಿಗೆ ಮದುವೆ ಮಾಡುವುದು ಕಾಯಿದೆಗೆ ವಿರುದ್ಧ. ಅಷ್ಟೇ ಅಲ್ಲ, ತಾನೇ ಇನ್ನೂ ಬೆಳೆಯುತ್ತಿರುವ ದೇಹದ ಮೇಲೆ ಇನ್ನೊಂದು ಬೆಳವಣಿಗೆಯ ಭಾರವನ್ನು ಹೊರಿಸುವುದು.

ಮಗು ಹುಟ್ಟಿ ಅತ್ತಾಗ ಮನೆಮಂದಿಯ ಕಣ್ಣೆಲ್ಲ ಅದರ ಮೇಲೆ. ಅದರ ಹಿಂದೆಯೇ ಹೊರಬರುವ ಜರಾಯುವಿನ ಕಡೆಗೆ ನೋಡುವವರು ಸೂಲಗಿತ್ತಿ, ದಾದಿ, ವೈದ್ಯರು ಮಾತ್ರ. ಅದು ಪೂರ್ತಿಯಾಗಿ ಬಂದಿತೇ ಎಂದು ಪರೀಕ್ಷಿಸಿದ ಮೇಲೆ ಅದರ ಕೆಲಸ ಮುಗಿಯಿತು. ಒಂಬತ್ತು ತಿಂಗಳ ಕಾಲ ಉಸಿರಾಗಿ, ಅನ್ನವಾಗಿ, ಕಾವಲಾಗಿ ದುಡಿದು, ತನ್ನದೇ ಅಂಡದಿಂದ ಹುಟ್ಟಿದ ಒಡಹುಟ್ಟಿಗಾಗಿ ತಾನು ಅಳಿಯುವ ಅಂಗ ದೇಹದಲ್ಲಿ ಇನ್ನೊಂದಿಲ್ಲ. ಆಲದ ಮರಕ್ಕೆ ಕಟ್ಟಿದರೆ ಹಾಲು ಹೆಚ್ಚುವುದೆಂಬ ನಂಬಿಕೆಗೆ ವಿಜ್ಞಾನದ ಆಧಾರವಿಲ್ಲ. ಆದರೆ ಅದನ್ನು ಅಲಕ್ಷ್ಯದಿಂದ ಬಿಸಾಡಬಾರದೆಂದು ತಿಳಿದ ಹಿರಿಯರ ಮನಸ್ಸಿನಲ್ಲಿ ಒಂದು ಕೃತಜ್ಞತೆ ಇತ್ತು. ಆ ಕೃತಜ್ಞತೆಯನ್ನು ನಾವು ಹೆರಿಗೆಯ ಅನಂತರ ತೋರಿಸಿದರೆ ಸಾಲದು. ಹೆರಿಗೆಗೆ ಎಂಟು ತಿಂಗಳು ಮೊದಲೇ, ತಾಯಿಯ ತಾಟಿನಲ್ಲಿ, ಅವಳ ವಿಶ್ರಾಂತಿಯಲ್ಲಿ, ಅವಳ ಆರೋಗ್ಯದಲ್ಲಿ ತೋರಿಸಬೇಕು.